ಪಕ್ಕದಿಂದ ತೆಗೆಯದ ಚಿತ್ರ

ಫೆಬ್ರವರಿ ೩, ಸೋಮವಾರ

ನೆರೆದಿರುವ ಸಮಸ್ತರೇ, ಮುಂದಿನ ಸಾಲಿನ ಗಣ್ಯರೇ, ಹಿಂದೆ ಗೋಡೆಗೊರಗಿ ಸಿಳ್ಳೆ ಹೊಡೆಯಲು ಕಾದು ನಿಂತ ಬಂಧುಗಳೇ, ಗದ್ದಲ ನಿಲ್ಲಿಸಿ ಕೇಳುವಂಥವರಾಗಿ. ಇದು ನನ್ನ ಸ್ವಂತ ದಿನಚರಿ, ಓದುವವರು ಯಾರೂ ಇಲ್ಲ ಅನ್ನುವುದು ನನಗೂ ಗೊತ್ತು. ಆದರೆ ನಾಟಕದ ಕಂಪನಿಯ ಪರದೆಗೆ ಜೋಲಿ ಕಟ್ಟಿಸಿಕೊಂಡು ಬೆಳೆದವನಿಗೆ ಎದುರಿಗೆ ಜನ ಇಲ್ಲದೆ ಒಂದು ವಾಕ್ಯವೂ ಹೊರಡುವುದಿಲ್ಲ. ಆದ್ದರಿಂದ ನೀವು ಇದ್ದೀರಿ ಅಂತಲೇ ಇಟ್ಟುಕೊಳ್ಳುತ್ತೇನೆ.

ವಿಷಯ ಏನಪ್ಪಾ ಅಂದರೆ, ನನ್ನ ರಾಜ್ಯಕ್ಕೆ ವೈರಿ ಕಾಲಿಟ್ಟಿದ್ದಾಳೆ.

ರಾಜ್ಯ ಅಂದರೆ ಆಸ್ಪತ್ರೆಯ ಮೂರನೇ ಮಹಡಿ, ದಿನ ತುಂಬದೆ ಹುಟ್ಟಿದ ಕೂಸುಗಳ ವಾರ್ಡು. ಗಾಜಿನ ಪೆಟ್ಟಿಗೆಗಳೊಳಗೆ ಅಂಗೈಯಗಲದ ಮಕ್ಕಳು, ಮೂಗಿಗೆ ಗಾಳಿಯ ಕೊಳವೆ, ಪಾದಕ್ಕೆ ಕಟ್ಟಿದ ಕೆಂಪು ದೀಪ. ಆ ಮಕ್ಕಳ ಎದೆಯ ಎಕ್ಸ್-ರೇ ತೆಗೆಯುವವನು ನಾನು. ಚಕ್ರದ ಮೇಲಿನ ನನ್ನ ಯಂತ್ರ ಮರಿಯಾನೆಯಷ್ಟು ಭಾರ. ಅದನ್ನು ತಳ್ಳಿಕೊಂಡು ಬಾಗಿಲಲ್ಲಿ ನಿಂತು, ಸೀಸದ ಅಂಗಿಯ ಪಟ್ಟಿ ಬಿಗಿದು, ಹೊಕ್ಕುಳಿಂದ ದನಿ ಎತ್ತಿ 'ಎಕ್ಸ್-ರೇ' ಅಂದೆನೋ, ವಾರ್ಡೆಲ್ಲ ಚೆಲ್ಲಾಪಿಲ್ಲಿ. ನರ್ಸುಗಳು ಓಡುತ್ತಾರೆ, ದೊಡ್ಡ ಡಾಕ್ಟರೂ ಪಂಚೆ ಕಳಚಿದವರ ಹಾಗೆ ಓಡುತ್ತಾರೆ. ಯಾವ ರಾಜಪಾರ್ಟಿನವನಿಗೆ ಸಿಕ್ಕಿದೆ ಇಂಥ ಪ್ರವೇಶ? ಆಮೇಲೆ ನಾನು, ಕೂಸು, ನಿಶ್ಶಬ್ದ. ಅದರ ಎದೆ ಗುಬ್ಬಿಯದರ ಹಾಗೆ ಬಡಿಯುತ್ತಿರುತ್ತದೆ. ಉಸಿರು ತುಂಬಿ ನಿಲ್ಲುವ ಆ ಒಂದು ಚಿಟಿಕೆಯಲ್ಲಿ ಗುಂಡಿ ಒತ್ತಬೇಕು. ಅದು ನನಗೆ ಬರುತ್ತದೆ. ಸುಮ್ಮನೆ ಕರೆಯುವುದಿಲ್ಲ ನನ್ನನ್ನು 'ಸಿಡಿಲು' ಅಂತ.

ವೈರಿ ಯಾರು? ಹೊಸ ಡಾಕ್ಟರಮ್ಮ. ಕೈಯಲ್ಲೊಂದು ಗೇಣುದ್ದದ ಕಡ್ಡಿ, ಕಡ್ಡಿಗೊಂದು ವೈರು, ವೈರಿಗೊಂದು ಪೆಟ್ಟಿಗೆ. ಬಸುರಿಯರ ಹೊಟ್ಟೆ ನೋಡುವ ಸ್ಕ್ಯಾನಿನ ಮರಿ. ಅದನ್ನು ಕೂಸಿನ ಎದೆಗೆ ತಾಗಿಸಿ ಶ್ವಾಸಕೋಶ ನೋಡುತ್ತಾಳಂತೆ. ಕಿರಣವಿಲ್ಲ, ಸೀಸದ ಅಂಗಿಯಿಲ್ಲ, ಯಾರೂ ಓಡಬೇಕಿಲ್ಲ. ಯಾರೂ ಓಡದಿದ್ದರೆ ಅದೆಂಥ ವಿದ್ಯೆ?

ದೊಡ್ಡ ಡಾಕ್ಟರು ಇಬ್ಬರನ್ನೂ ಎದುರು ನಿಲ್ಲಿಸಿಕೊಂಡು ಹೇಳಿದರು: "ಇಪ್ಪತ್ನಾಲ್ಕನೇ ತಾರೀಕು ಮೀಟಿಂಗು. ಕಡ್ಡಿ ಬೇಕೋ ಬೇಡವೋ ಅಂತ ಅಲ್ಲಿ ತೀರ್ಮಾನ. ಅಲ್ಲಿವರೆಗೆ ಎರಡೂ ಇರಲಿ. ಆದರೆ ಒಂದು ಮಾತು, ಫಿಲ್ಮ್ ನೋಡದೆ ಯಾವ ಮಗುವಿನ ಎದೆಗೂ ಸೂಜಿ ಹಾಕೋ ಹಾಗಿಲ್ಲ."

ಕಡ್ಡಿ ಗೆದ್ದರೆ ನಾನು ಕೆಳಗಿನ ಮಹಡಿಗೆ. ಅಲ್ಲಿ ಮೊಣಕಾಲಿನ ಚಿತ್ರ ತೆಗೆಯುವುದು. ನೋಡೋಣ ಯಾರು ಯಾರಿಗೆ ಮಣ್ಣು ಮುಕ್ಕಿಸುತ್ತಾರೋ.

ಫೆಬ್ರವರಿ ೪, ಮಂಗಳವಾರ

ಮೊದಲ ಅಂಕ. ಬೆಳಿಗ್ಗೆ ಒಂದು ಗಂಡುಕೂಸು ಬಂತು, ಎರಡೂವರೆ ತಿಂಗಳು ಮುಂಚೆ. ಕೈಗೆತ್ತಿಕೊಂಡ ಹೆಡ್ ಸಿಸ್ಟರ್, "ಇದೇನಮ್ಮ, ಒಂದು ಚಟಾಕು ತೂಕವೂ ಇಲ್ಲ" ಅಂದಳು. ಅದೇ ಹೆಸರು ನಿಂತಿತು, ಚಟಾಕು. ತಾಯಿ ಬಟ್ಟೆ ಹೊಲಿಯುವವಳು. ಹೊರಗಿನ ಬೆಂಚಿನ ಮೇಲೆ ಕೂತಿದ್ದಾಳೆ, ಹೆಬ್ಬೆರಳಿನ ಉಗುರು ಕಚ್ಚುತ್ತ.

ಉಸಿರು ಎಳೆದಾಗಲೆಲ್ಲ ಪಕ್ಕೆ ಒಳಗೆ ಹೋಗುತ್ತಿತ್ತು. ನಾನು ಚಿತ್ರ ತೆಗೆದೆ. ತೆಳು ಮಂಜು, ಅಷ್ಟೇ. ಅವಳು ಕಡ್ಡಿ ಇಟ್ಟಳು.

"ಪೂರ್ತಿ ಬೆಳ್ಳಗಿದೆ," ಅಂದಳು. "ಚೆನ್ನಾಗಿರೋ ಶ್ವಾಸಕೋಶದಲ್ಲಿ ಗೆರೆಗಳು ಕಪಾಟಿನ ಹಲಗೆ ಥರ ಅಡ್ಡ ಇರ್ತವೆ. ನೀರು ತುಂಬಿದ್ರೆ ಮೇಲಿಂದ ಕೆಳಕ್ಕೆ ಬೀಳ್ತವೆ. ಇಲ್ಲಿ ಗೆರೆಯೇ ಇಲ್ಲ, ಬರೀ ಬಿಳಿ. ಈಗಲೇ ಶ್ವಾಸಕೋಶ ಅರಳಿಸೋ ಔಷಧಿ ಬಿಡಬೇಕು."

"ನನ್ನ ಫಿಲ್ಮಿನಲ್ಲಿ ಅಷ್ಟೇನೂ ಇಲ್ಲವಲ್ಲ ಡಾಕ್ಟರಮ್ಮ."

"ನಿಮ್ಮ ಫಿಲ್ಮು ಒಂದು ಕ್ಷಣದ್ದು. ಇದರಲ್ಲಿ ಉಸಿರಾಡೋದೇ ಕಾಣುತ್ತೆ, ಬನ್ನಿ ನೋಡಿ."

"ಬಿಟ್ಟಿ ಆಟ ನೋಡೋ ಅಭ್ಯಾಸ ನನಗಿಲ್ಲ," ಅಂದೆ. ಹೆಡ್ ಸಿಸ್ಟರ್ ಕೆಮ್ಮಿದಳು. ಕೆಮ್ಮೋ ನಗುವೋ ತಿಳಿಯಲಿಲ್ಲ.

ಔಷಧಿ ಸೂಜಿಯಲ್ಲವಲ್ಲ, ಕಾನೂನು ಅಡ್ಡ ಬರಲಿಲ್ಲ. ದಾರದಂಥ ಕೊಳವೆಯಲ್ಲಿ ಗಂಟಲಿಗಿಳಿಸಿ ಬಿಟ್ಟೇಬಿಟ್ಟಳು. ಸಂಜೆ ಹೊತ್ತಿಗೆ ಪಕ್ಕೆ ಎಳೆತ ನಿಂತಿತ್ತು. ಕಾಗೆ ಕೂತಿತು, ಕೊಂಬೆ ಮುರಿಯಿತು, ಅಷ್ಟೇ.

ಫೆಬ್ರವರಿ ೭, ಶುಕ್ರವಾರ

ಕಡ್ಡಿಗೆ ಹಚ್ಚುವ ಜೆಲ್ಲಿನ ಬಾಟಲನ್ನು ಅವಳು ಕಂಕುಳಲ್ಲಿ ಇಟ್ಟುಕೊಂಡು ಓಡಾಡುತ್ತಾಳೆ.

"ಮೊಟ್ಟೆಗೆ ಕಾವು ಕೊಡ್ತಿದ್ದೀರಾ?" ಅಂತ ಎಲ್ಲರಿಗೂ ಕೇಳುವ ಹಾಗೆ ಕೇಳಿದೆ.

"ತಣ್ಣಗಿದ್ರೆ ಮಗು ಬೆಚ್ಚುತ್ತೆ. ನಿಮ್ಮ ತಟ್ಟೆಗೂ ಬೆಚ್ಚುತ್ತೆ ಸಾರ್, ನೀವು ಗಮನಿಸಿಲ್ಲ."

ನನ್ನ ತಟ್ಟೆ! ಕೂಸಿನ ಬೆನ್ನ ಕೆಳಗೆ ಜಾರಿಸುವ, ಚಿತ್ರ ಹಿಡಿಯುವ ತಟ್ಟೆ ಅದು, ಊಟದ ತಟ್ಟೆಯಲ್ಲ. ಅವಳ ಯಂತ್ರದ ಪ್ಲಗ್ಗು ಕಿತ್ತು ನನ್ನದನ್ನು ಸಿಕ್ಕಿಸಿದೆ. ಅವಳು ನನ್ನದನ್ನು ಕಿತ್ತು ಅವಳದನ್ನು ಸಿಕ್ಕಿಸಿದಳು. ಹೆಡ್ ಸಿಸ್ಟರ್ ಇಬ್ಬರ ಪ್ಲಗ್ಗನ್ನೂ ಕಿತ್ತು, "ಮಕ್ಕಳ ವಾರ್ಡು ಇದು, ಆದರೂ ಇಷ್ಟು ದೊಡ್ಡ ಮಕ್ಕಳನ್ನ ಸೇರಿಸ್ಕೊಳ್ಳಲ್ಲ," ಅಂದಳು.

ಮನೆಯಲ್ಲಿ ಹೆಂಡತಿಗೆ ಎಲ್ಲ ಒದರಿದೆ. ಅವಳ ಅಪ್ಪ ನಮ್ಮ ಕಂಪನಿಯಲ್ಲಿ ಪರದೆಯ ಹಿಂದಿನಿಂದ ಮಾತು ಎತ್ತಿಕೊಡುತ್ತಿದ್ದವರು. ಆ ಚಾಳಿ ಮಗಳಿಗೂ ಬಂದಿದೆ. "ಆ ಹುಡುಗಿ ತಪ್ಪೇನು ಹೇಳಿದಳು? ತಟ್ಟೆ ತಣ್ಣಗಿರುತ್ತಾ ಇಲ್ವಾ?" ಅಂದಳು. ಮನೆಯೊಳಗೇ ಶತ್ರುಪಕ್ಷ. ಉಪ್ಪು ಕೇಳುವ ನೆಪದಲ್ಲಿ ಪಕ್ಕದ ಬೀದಿಗೆ ಕೇಳುವ ಹಾಗೆ ಗುಡುಗಿ ಎದ್ದೆ.

ಫೆಬ್ರವರಿ ೧೧, ಮಂಗಳವಾರ

ಮೂರನೇ ಮಹಡಿಯಿಂದ ಒಂದೇ ಒಂದು ಕರೆ. ಮಿಕ್ಕಂತೆ ಕೆಳಗೆ ಮೊಣಕಾಲು, ಮೊಣಕಾಲು. ಮೊಣಕಾಲು ಉಸಿರಾಡುವುದಿಲ್ಲ. ಯಾವಾಗ ಗುಂಡಿ ಒತ್ತಿದರೂ ನಡೆಯುತ್ತದೆ. ಥೂ.

ಫೆಬ್ರವರಿ ೧೩, ಗುರುವಾರ

ಮಹಾಜನಗಳೇ, ಇವತ್ತು ಗೆದ್ದೆ. ನಿಧಾನವಾಗಿ ಹೇಳುತ್ತೇನೆ, ರುಚಿ ಕೆಡಬಾರದು.

ಮಧ್ಯಾಹ್ನದ ಊಟದ ಹೊತ್ತು. ಮೇಲಿಂದ ಫೋನು, "ಸಿಡಿಲಣ್ಣ, ಬೇಗ ಬಾ, ಚಟಾಕು." ಯಂತ್ರ ತಳ್ಳಿಕೊಂಡು ಹೋದೆ. ಕೂಸು ನೀಲಿ ಅದ್ದಿ ಹಿಂಡಿದ ಬಟ್ಟೆಯ ಬಣ್ಣಕ್ಕೆ ತಿರುಗಿತ್ತು. ಮಾನಿಟರಿನ ಅಂಕಿಗಳು ಮೆಟ್ಟಿಲಿಳಿಯುತ್ತಿದ್ದವು. ಅವಳು ಕಡ್ಡಿ ಇಟ್ಟು ಪರದೆಗೆ ಕಣ್ಣು ನೆಟ್ಟಿದ್ದಳು.

"ಬಲಗಡೆ ಜಾರ್ತಿಲ್ಲ," ಅಂದಳು. "ಉಸಿರಾಡಿದಾಗ ಶ್ವಾಸಕೋಶದ ಅಂಚು ಇರುವೆ ಸಾಲಿನ ಥರ ಹರಿದಾಡಬೇಕು. ಎಡಗಡೆ ಹರೀತಿದೆ, ಬಲಗಡೆ ಸತ್ತ ಹಾಗಿದೆ. ಗಾಳಿ ಸೋರಿ ಎದೆಗೂಡಲ್ಲಿ ತುಂಬಿಕೊಂಡು ಶ್ವಾಸಕೋಶನ ಅಮುಕ್ತಿದೆ. ಸೂಜಿ ಹಾಕಿ ಹೊರಗೆ ತೆಗೀಬೇಕು."

"ಫಿಲ್ಮ್ ನೋಡಿ," ಅಂದರು ದೊಡ್ಡ ಡಾಕ್ಟರು.

ಆಹಾ. ಆ ಎರಡು ಶಬ್ದಕ್ಕೆ ಎಷ್ಟು ದಿನ ಕಾದಿದ್ದೆ. ಬಾಗಿಲಲ್ಲಿ ನಿಂತೆ. ಪಟ್ಟಿ ಬಿಗಿದೆ. ದನಿ ಎತ್ತಿದೆ. ಎಲ್ಲರೂ ಓಡಿದರು. ಅವಳು ಮಾತ್ರ ಹೋಗಲಿಲ್ಲ, ಹೆಡ್ ಸಿಸ್ಟರ್ ಎಳೆದುಕೊಂಡು ಹೋಗಬೇಕಾಯಿತು. ಚಟಾಕು ಅಂಗಾತ ಮಲಗಿತ್ತು. ಉಸಿರು ಕಾದೆ, ಒತ್ತಿದೆ. ಕೆಳಗಿನ ಕೋಣೆಗಿಳಿದು, ಅಲ್ಲಿನ ಪ್ರಿಂಟ್ ಯಂತ್ರದಿಂದ ಬೆಚ್ಚಗೆ ಹೊರಬಂದ ಫಿಲ್ಮನ್ನು ಎತ್ತಿ ಹಿಡಿದು ಮೇಲೆ ಬಂದು ದೀಪದ ಪೆಟ್ಟಿಗೆಗೆ ಸಿಕ್ಕಿಸಿದೆ. ಎರಡೂ ಕಡೆ ಶ್ವಾಸಕೋಶ ಇದ್ದಲ್ಲೇ ಇದೆ. ಗಾಳಿಯ ಗೆರೆ ಎಲ್ಲೂ ಇಲ್ಲ.

"ಏನೂ ಇಲ್ಲವಲ್ಲಪ್ಪ," ಅಂದರು ದೊಡ್ಡ ಡಾಕ್ಟರು.

ಸಾಮಾನ್ಯವಾಗಿ ಇಂಥ ಹೊತ್ತಿಗೆ ನಾನೇ ಬಾಯಿಬಿಟ್ಟು, "ಪಕ್ಕದಿಂದ ಒಂದು ತೆಗೀಲಾ ಸಾರ್?" ಅಂತ ಕೇಳುತ್ತೇನೆ. ಇವತ್ತು ಯಾರೂ ತೆಗಿ ಅನ್ನಲಿಲ್ಲ. ಕೇಳದ ಹಾಡನ್ನು ಯಾಕೆ ಹಾಡಲಿ?

ಅವಳು ಫಿಲ್ಮನ್ನು ನೋಡಿದಳು, ಕೂಸನ್ನು ನೋಡಿದಳು. "ಕ್ಷಮಿಸಿ ಸಾರ್," ಅಂತ ದೊಡ್ಡ ಡಾಕ್ಟರಿಗೆ ಹೇಳಿ, ಕಾನೂನನ್ನು ಗಾಳಿಗೆ ತೂರಿ, ಬಲಪಕ್ಕೆಗೆ ಸೂಜಿ ಹಾಕಿಯೇಬಿಟ್ಟಳು. ಸೂಜಿಯ ಕೊಳವೆಯ ತುದಿ ನೀರಿನ ಬಟ್ಟಲಲ್ಲಿತ್ತು. ಗುಳುಗುಳು ಗುಳ್ಳೆ ಬಂತು. ಕೂಸು ಕೆಂಪಾಯಿತು, ಅದು ಬೇರೆ ಮಾತು.

ನಾನು ಹೊರಗೆ ಬಂದು ಬಾಗಿಲ ಮುಂದೆಯೇ ಹೇಳಿದೆ, "ಫಿಲ್ಮಿನಲ್ಲಿ ಏನೂ ಇರಲಿಲ್ಲ. ಸುಮ್ಮಸುಮ್ಮನೆ ಮಗುವಿಗೆ ಚುಚ್ಚಿದರು." ಮೆಲ್ಲಗೆ ಹೇಳುವುದು ನನಗೆ ಗೊತ್ತಿಲ್ಲ. ಬೆಂಚಿನ ಮೇಲಿದ್ದ ತಾಯಿ ಎದ್ದು ನಿಂತಳು.

ಫೆಬ್ರವರಿ ೧೪, ಶುಕ್ರವಾರ

ಹೊಲಿಗೆಯವಳು ದೂರು ಕೊಟ್ಟಿದ್ದಾಳೆ. ಡಾಕ್ಟರಮ್ಮ ಶ್ವಾಸಕೋಶಕ್ಕೇ ಚುಚ್ಚಿದ್ದರಿಂದ ಗುಳ್ಳೆ ಬಂದದ್ದು ಅಂತ. ಇನ್ನು ಆ ಕಡ್ಡಿ ತನ್ನ ಮಗುವಿನ ಹತ್ತಿರ ಸುಳಿಯಕೂಡದು ಅಂತ. ಇಪ್ಪತ್ನಾಲ್ಕರ ಮೀಟಿಂಗಿನಲ್ಲಿ ಅದೂ ಬರುತ್ತದೆ. ದೊಡ್ಡ ಡಾಕ್ಟರು ನನ್ನ ಹೆಗಲು ತಟ್ಟಿ, "ಸಿಡಿಲು, ನೀನು ಆ ಫಿಲ್ಮ್ ಹಿಡ್ಕೊಂಡು ಬಂದು ಏನಿದೆಯೋ ಅದನ್ನ ಹೇಳು ಸಾಕು," ಅಂದರು. ಅವಳ ಕೆಲಸವೇ ಹೋಗಬಹುದು ಅಂತ ಮಾತು.

ಹೋಗಲಿ. ಬಂದ ದಾರಿಗೆ ಸುಂಕವಿಲ್ಲ.

ಕ್ಯಾಂಟೀನಿನಲ್ಲಿ ಎರಡು ಲೋಟ ಚಹಾ ಕುಡಿದೆ. ಎರಡನೆಯದು ಒಗರಾಗಿತ್ತು.

ಫೆಬ್ರವರಿ ೧೬, ಭಾನುವಾರ

ಗೆಲುವಿನ ದೃಶ್ಯವನ್ನು ಹೆಂಡತಿಗೆ ಪೂರ್ತಿ ಆಡಿ ತೋರಿಸಿದೆ. ಸೀಸದ ಅಂಗಿಗೆ ಬದಲು ಕಂಬಳಿ ಹೊದ್ದುಕೊಂಡು. ಎಲ್ಲ ಮುಗಿದ ಮೇಲೆ ಅವಳು ಕೈಯಲ್ಲಿದ್ದ ಬಟ್ಟೆ ಮಡಚುತ್ತ ಕೇಳಿದಳು.

"ಶ್ವಾಸಕೋಶಕ್ಕೆ ತೂತಾಗಿದ್ರೆ ಮಗು ಇನ್ನೂ ಕಪ್ಪಾಗಬೇಕಿತ್ತಲ್ಲ. ಕೆಂಪಾಯ್ತು ಅಂದ್ರಿ."

"ಹೌದು, ಆಯ್ತು."

"ಹಾಗಾದ್ರೆ ಗಾಳಿ ಇತ್ತು."

"ಫಿಲ್ಮಿನಲ್ಲಿ ಇರಲಿಲ್ಲ ಕಣೇ."

"ಫಿಲ್ಮಿನಲ್ಲಿ ಇರಲಿಲ್ಲ ಅಂದ್ರೆ ಎದೇಲಿ ಇರಲಿಲ್ಲ ಅಂತಲಾ? ನೀವು ಬಣ್ಣ ಹಚ್ಚಿ ರಾಜನಾದಾಗ ಒಳಗೆ ಸಾಲಗಾರ ಇರಲಿಲ್ವಾ?"

ಹೊದ್ದ ಕಂಬಳಿಯನ್ನು ಅವಳ ಮುಂದೆ ಹಾಕಿ, ಚಪ್ಪಲಿ ಮೆಟ್ಟಿ ಹೊರಗೆ ಹೋದೆ. ಹಾಲು ತರುವುದಿತ್ತು.

ಫೆಬ್ರವರಿ ೧೮, ಮಂಗಳವಾರ

ಚಟಾಕಿಗೆ ಮತ್ತೆ ಪಕ್ಕೆ ಎಳೆತ. ಮೂಗಿನ ಗಾಳಿ ಏರಿಸಿದ್ದಾರೆ. ತಾಯಿ ಕಡ್ಡಿಗೆ ಒಪ್ಪುವುದಿಲ್ಲ. "ಫೋಟೋ ಅಣ್ಣನೇ ಬರಲಿ, ಅವರು ಇದ್ದದ್ದನ್ನ ಇದ್ದ ಹಾಗೆ ಹೇಳ್ತಾರೆ," ಅನ್ನುತ್ತಾಳೆ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ. ಹಿಂದೆ ಹೀಗೆ ಕರೆದಿದ್ದರೆ ಎದೆ ಉಬ್ಬುತ್ತಿತ್ತು. ಅಷ್ಟು ಸಣ್ಣ ಎದೆಗೆ ಅಷ್ಟೊಂದು ಕಿರಣ.

ತಟ್ಟೆಯನ್ನು ಸೀಸದ ಅಂಗಿಯೊಳಗೆ ಹೊಟ್ಟೆಗೆ ಒತ್ತಿಟ್ಟುಕೊಂಡು ಮೇಲೆ ಹೋಗುತ್ತಿದ್ದೇನೆ. ಲಿಫ್ಟಿನಲ್ಲಿ ಕೈ ಖಾಲಿ ಇರಲಿ ಅಂತ, ಬೇರೆ ಕಾರಣವಿಲ್ಲ.

ಚಿತ್ರದಲ್ಲಿ ಎಲ್ಲ ಬೂದು. ನೀರೋ, ಶ್ವಾಸಕೋಶ ಮುದುಡಿದೆಯೋ, ಹೇಳಲಾಗುವುದಿಲ್ಲ. ದೊಡ್ಡ ಡಾಕ್ಟರು ಪ್ರತಿ ಸಲವೂ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. ಡಾಕ್ಟರಮ್ಮ ಚಟಾಕಿನ ಗಾಜಿನ ಪೆಟ್ಟಿಗೆಯಿಂದ ದೂರ, ಕಿಟಕಿಯ ಹತ್ತಿರ ನಿಂತಿರುತ್ತಾರೆ. ಜೆಲ್ಲಿನ ಬಾಟಲು ಮಾತ್ರ ಕಂಕುಳಲ್ಲೇ ಇದೆ. ಯಾರಿಗೆ ತೋರಿಸುವುದಕ್ಕೋ.

ಫೆಬ್ರವರಿ ೨೦, ಗುರುವಾರ

ಮೀಟಿಂಗಿಗೆ ಮಾತು ತಯಾರಿಸಿಕೊಳ್ಳಲು ಹದಿಮೂರನೇ ತಾರೀಕಿನ ಫಿಲ್ಮ್ ಹೊರತೆಗೆದೆ. ದೀಪದ ಪೆಟ್ಟಿಗೆಗೆ ಸಿಕ್ಕಿಸಿ, ಕೈ ಮುಂದೆ ಚಾಚಿ, "ಸಭಾಸದರೇ, ಇಗೋ ನೋಡಿ, ನಿರ್ಮಲ" ಅಂತ ಶುರುಮಾಡಿದೆ.

ನಿರ್ಮಲ ಅನ್ನುವ ಶಬ್ದದ ಮೇಲೆ ಕೈ ನಿಂತಿತು.

ಬಲಗಡೆ ಎಡಗಡೆಗಿಂತ ಕಪ್ಪಗಿದೆ. ಹೆಚ್ಚಲ್ಲ. ಹೃದಯದ ಬಲ ಅಂಚು ಬ್ಲೇಡಿನಿಂದ ಕತ್ತರಿಸಿದ ಹಾಗೆ ಚೂಪಾಗಿದೆ. ಮಂಜು ಕವಿದ ಶ್ವಾಸಕೋಶದ ಪಕ್ಕದಲ್ಲಿ ಅಷ್ಟು ಚೂಪಾದ ಅಂಚು ಬರುವುದಿಲ್ಲ. ಕೂಸು ಅಂಗಾತ ಮಲಗಿದ್ದರೆ ಸೋರಿದ ಗಾಳಿ ಹಾಲಿನ ಕೆನೆಯಂತೆ ಮೇಲಕ್ಕೆ ತೇಲಿ ಎದೆಮೂಳೆಯ ಕೆಳಗೆ ನಿಲ್ಲುತ್ತದೆ. ಮೇಲಿನಿಂದ ತೆಗೆದರೆ ಕೆನೆಯ ಮೂಲಕ ಹಾಲನ್ನೇ ನೋಡಿದ ಹಾಗೆ. ಪಕ್ಕದಿಂದ ತೆಗೆದರೆ ಕಪ್ಪು ಪಟ್ಟಿಯಾಗಿ ಕಾಣುತ್ತದೆ. ಇದು ಈ ಕೆಲಸಕ್ಕೆ ಸೇರಿದವನಿಗೆ ಮೊದಲ ವರ್ಷವೇ ಕಲಿಸುವ ಪಾಠ. ಎಲ್ಲರಿಗೂ ಗೊತ್ತು. ನನಗೂ ಗೊತ್ತು.

ಕೇಳಿದ್ದರೆ ತೆಗೆಯುತ್ತಿದ್ದೆ. ಕೇಳಲಿಲ್ಲ.

ಇವತ್ತಿಗೆ ಇಷ್ಟೇ.

ಫೆಬ್ರವರಿ ೨೨, ಶನಿವಾರ

ಮೆಟ್ಟಿಲ ಮೇಲೆ ಡಾಕ್ಟರಮ್ಮ ಎದುರಾದರು. ಅವರು ಇಳಿಯುತ್ತಿದ್ದರು, ನಾನು ಹತ್ತುತ್ತಿದ್ದೆ. ಇಬ್ಬರೂ ದಾರಿ ಬಿಡಲಿಲ್ಲ.

"ನಿಮಗೆ ಗೊತ್ತಿತ್ತು ಅಲ್ವಾ ಸಾರ್," ಅಂದರು. "ಪಕ್ಕದಿಂದ ತೆಗೆದ್ರೆ ಕಾಣುತ್ತೆ ಅಂತ."

"ನೀವು ಕೇಳಲಿಲ್ಲ."

"ನನಗೆ ಹೊಳೀಲಿಲ್ಲ. ಮಗು ಸಾಯ್ತಿತ್ತು. ನಿಮಗೆ ಹೊಳೆದಿತ್ತು."

"ಮೀಟಿಂಗಲ್ಲಿ ಹೇಳ್ತೀರೋ?"

"ಹೇಳಿದ್ರೆ ಯಾರು ನಂಬ್ತಾರೆ? ಫಿಲ್ಮಿನಲ್ಲಿ ಏನೂ ಇಲ್ಲ ಅಂತ ವಾರ್ಡಿಗೆಲ್ಲ ಡಂಗುರ ಸಾರಿದ್ದೀರಲ್ಲ." ಒಂದು ಮೆಟ್ಟಿಲು ಇಳಿದು ನನ್ನ ಮುಖಕ್ಕೆ ಮುಖ ತಂದರು. "ನನ್ನ ಕೆಲಸ ಹಾಳಾಗಿ ಹೋಗಲಿ. ಚಟಾಕಿನ ಎದೆಯೊಳಗೆ ಏನಾಗ್ತಿದೆ ಅಂತ ಮೂರನೇ ಮಹಡೀಲಿ ಒಬ್ಬರಿಗೂ ಗೊತ್ತಿಲ್ಲ. ಇನ್ನೊಂದು ಸಲ ಸೋರಿದ್ರೆ, ನೀವು ಫಿಲ್ಮ್ ತೊಳ್ಕೊಂಡು ಬರೋ ತನಕ ಅದು ಕಾಯಲ್ಲ. ಬೇಕಾದ್ರೆ ನನ್ನನ್ನ ದ್ವೇಷ ಮಾಡಿ, ಪರವಾಗಿಲ್ಲ. ನನಗೂ ನಿಮ್ಮನ್ನ ಕಂಡ್ರೆ ಆಗಲ್ಲ."

"ಫಿಲ್ಮನ್ನ ಈಗ ತೊಳೆಯೋದಿಲ್ಲ, ಯಂತ್ರದಿಂದಲೇ ಬರುತ್ತೆ," ಅಂದೆ.

ಅವರು ನಕ್ಕ ಹಾಗೆ ಮಾಡಿ ಪಕ್ಕಕ್ಕೆ ಸರಿದು ಇಳಿದುಹೋದರು. ದಾರಿ ಬಿಟ್ಟದ್ದು ಅವರು, ನಾನಲ್ಲ. ಇದನ್ನು ಬರೆದಿಡುತ್ತೇನೆ.

ಫೆಬ್ರವರಿ ೨೩, ಭಾನುವಾರ

ರಜೆ. ಆದರೂ ಮಧ್ಯಾಹ್ನ ಊಟವಾದ ಮೇಲೆ ಆಸ್ಪತ್ರೆಗೆ ಹೋದೆ. ಯಾರೂ ಕರೆದಿರಲಿಲ್ಲ. ಯಂತ್ರದ ಚಕ್ರಕ್ಕೆ ಎಣ್ಣೆ ಬಿಡುವುದಿತ್ತು.

ವಾರ್ಡಿನ ಗಾಜಿನಾಚೆಯಿಂದ ನೋಡಿದೆ. ಚಟಾಕಿನ ಹೊಟ್ಟೆ ಮತ್ತು ಎದೆ ತಕ್ಕಡಿಯ ತಟ್ಟೆಗಳ ಹಾಗೆ, ಒಂದು ಏರಿದರೆ ಇನ್ನೊಂದು ಇಳಿಯುತ್ತಿತ್ತು. ನಾಳೆಯೂ ಹೀಗೇ ಇದ್ದರೆ ಗಂಟಲಿಗೆ ಕೊಳವೆ ಇಳಿಸಿ, ಉಸಿರಾಡಿಸುವ ದೊಡ್ಡ ಯಂತ್ರಕ್ಕೆ ಹಾಕುತ್ತಾರಂತೆ. ಹೆಡ್ ಸಿಸ್ಟರ್ ಹೇಳಿದಳು: "ಒಳಗೆ ನೀರಿದ್ರೆ ಒಂದು ಮದ್ದು, ಮುದುಡಿದ್ರೆ ಇನ್ನೊಂದು. ಯಾವುದು ಅಂತ ಗೊತ್ತಾಗದೆ ಎರಡೂ ಕೊಡ್ತಿಲ್ಲ. ಆ ಕಡ್ಡಿ ಇಟ್ಟಿದ್ರೆ ಒಂದು ನಿಮಿಷದ ಮಾತು ಸಿಡಿಲಣ್ಣ. ಅದರ ತಾಯಿ ಒಪ್ಪಬೇಕಲ್ಲ."

ತಾಯಿ ಬೆಂಚಿನ ಮೇಲಿದ್ದಳು. ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದಳು, ಉಗುರು ಮುಗಿದು ಚರ್ಮಕ್ಕೆ ಬಂದಿರಬೇಕು. ನನ್ನನ್ನು ಕಂಡವಳೇ ಎದ್ದು ಜಾಗ ಮಾಡಿಕೊಟ್ಟಳು.

"ನೀವಿದ್ದಿದ್ದಕ್ಕೆ ಗೊತ್ತಾಯ್ತು ಅಣ್ಣ. ಇಲ್ಲದಿದ್ರೆ ಅವಳು ಇನ್ನೂ ಎಷ್ಟು ಸಲ ಚುಚ್ಚುತಿದ್ದಳೋ," ಅಂದಳು.

ನಾನು ಏನೋ ಹೇಳಿದೆ. ಏನು ಅಂತ ನೆನಪಿಲ್ಲ. ಅವಳು, "ಏನಂದ್ರಿ? ಕೇಳಿಸಲಿಲ್ಲ," ಅಂದಳು. ನನ್ನ ಮಾತು ಯಾರಿಗಾದರೂ ಕೇಳಿಸಲಿಲ್ಲ ಅಂತ ಆದದ್ದು ಇದೇ ಮೊದಲು. ಎದ್ದು ಬಂದೆ.

ಮನೆಗೆ ಬಂದು ಹೆಂಡತಿಗೆ ನಾಳೆಯ ಮಾತನ್ನು ಒಪ್ಪಿಸಲು ನಿಂತೆ. "ಸಭಾಸದರೇ" ಅಂದೆ. ಮುಂದಿನದು ಬರಲಿಲ್ಲ. ಅವಳು ಎತ್ತಿಕೊಡಲಿಲ್ಲ. ಮಾತು ಮರೆತರೆ ಮರುಕ್ಷಣ ಎತ್ತಿಕೊಡುವ ಮನೆತನದವಳು, ತರಕಾರಿ ಹೆಚ್ಚುತ್ತಲೇ ಕೂತಳು. ಇದೂ ಒಂದು ಬಗೆಯ ಕ್ರೌರ್ಯವೇ.

ಹಾಗಂತ ಡಾಕ್ಟರಮ್ಮನ ಮೇಲಿನ ಸಿಟ್ಟು ಕೂದಲೆಳೆಯಷ್ಟೂ ಕಮ್ಮಿಯಾಗಿಲ್ಲ, ಇದು ಖಂಡಿತ. ಮೆಟ್ಟಿಲ ಮೇಲೆ ಆಡಿದ ಮಾತನ್ನು ನಾನು ಮರೆಯುವವನಲ್ಲ. ಕೆಳಮಹಡಿಯ ಮೊಣಕಾಲುಗಳಿಗೆ ನನ್ನನ್ನು ಅಟ್ಟಿದ ದಿನ ಅವರಿಗೆ ಹಿಡಿಶಾಪ ಹಾಕುತ್ತೇನೆ, ಮೂರನೇ ಮಹಡಿಗೆ ಕೇಳುವ ಹಾಗೆ.

ಆದರೆ ಮೀಟಿಂಗು ಹತ್ತು ಗಂಟೆಗೆ. ವಾರ್ಡಿನ ಬಾಗಿಲು ಏಳಕ್ಕೇ ತೆರೆಯುತ್ತದೆ. ನಾಳೆ ಬೆಳಿಗ್ಗೆ ಯಂತ್ರವನ್ನು ಕೆಳಗೇ ಬಿಟ್ಟು ಹೋಗುತ್ತೇನೆ. ಬೆಂಚಿನ ಮೇಲೆ ಆ ತಾಯಿಯ ಪಕ್ಕ ಕೂತು ಹೇಳುತ್ತೇನೆ: ನಿನ್ನ ಮಗನ ಎದೆಯಲ್ಲಿ ಗಾಳಿ ಇತ್ತಮ್ಮ, ಡಾಕ್ಟರಮ್ಮ ಸರಿಯಾಗೇ ನೋಡಿದ್ದರು, ನನ್ನ ಫಿಲ್ಮಿಗೆ ಕಾಣಲಿಲ್ಲ, ಕಾಣುವ ಹಾಗೆ ತೆಗೆಯುವುದು ನನಗೆ ಬರುತ್ತಿತ್ತು, ತೆಗೆಯಲಿಲ್ಲ. ಹೊಡೆದರೆ ಹೊಡೆಸಿಕೊಳ್ಳುತ್ತೇನೆ. ಅವಳು ಒಪ್ಪುವ ತನಕ ಏಳುವುದಿಲ್ಲ. ಒಪ್ಪಿದ ಮೇಲೆ ಡಾಕ್ಟರಮ್ಮನನ್ನು ಕರೆತಂದು ಚಟಾಕಿನ ಗಾಜಿನ ಪೆಟ್ಟಿಗೆಯ ಮುಂದೆ ನಿಲ್ಲಿಸುತ್ತೇನೆ. ಅವರು ಕಡ್ಡಿ ಇಡುವಾಗ ಕಿಂಡಿಯೊಳಗೆ ಕೈ ಹಾಕಿ ಚಟಾಕಿನ ತೋಳನ್ನು ಮೇಲೆತ್ತಿ ಹಿಡಿದುಕೊಳ್ಳುವುದು ನಾನೇ, ಅದನ್ನು ಬಿಟ್ಟುಕೊಡುವ ಮಾತೇ ಇಲ್ಲ. ಆಮೇಲೆ ಮೀಟಿಂಗಿಗೆ ಹೋಗಿ ಅದೇ ಮಾತನ್ನು ಇನ್ನೊಮ್ಮೆ ಹೇಳುತ್ತೇನೆ.